ಸಹಿ ಮೊದಲೇ ಬಿದ್ದಿದ್ದ ಚೀಟಿಗಳು

ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಕೊಟ್ಟೆ. ಅಷ್ಟು ವರ್ಷದಲ್ಲಿ ನನ್ನನ್ನು ಫಾರ್ಮಸಿಸ್ಟ್ ಎಂದು ಕರೆದ ರೋಗಿಗಳನ್ನು ಬೆರಳಲ್ಲಿ ಎಣಿಸಬಹುದು. ಸೇರಿದ ಹೊಸತರಲ್ಲಿ ‘ನರ್ಸಮ್ಮ’ ಅಂದರು. ನನಗಿಂತ ಮುಂಚೆ ಆ ಜಾಗದಲ್ಲಿ ಗಂಡಸು ಕಾಂಪೌಂಡರುಗಳೇ ಇದ್ದುದರಿಂದ ವಯಸ್ಸಾದವರು ‘ಕಾಂಪೌಂಡ್ರಮ್ಮ’ ಅಂದರು. ಆಮೇಲೆ ನಾಲ್ಕು ವರ್ಷ ಒಂದು ಊರಿನವರು ‘ಡಾಕ್ಟ್ರವ್ವ’ ಅಂದರು. ಆ ಮೂರನೆಯ ಹೆಸರು ನನ್ನದಲ್ಲ. ಅದನ್ನು ಬಿಟ್ಟು ಇಷ್ಟು ಕಾಲವಾದರೂ, ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಯಾರನ್ನೋ ಹಾಗೆ ಕೂಗಿದರೆ ನನ್ನ ಕತ್ತು ತಾನಾಗಿ ತಿರುಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಮಕ್ಕಳು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಚಾರವೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಇಲ್ಲಿ ಬೇಡ.

ನಾನು ಕಟ್ಟೆಮಳಲವಾಡಿಯವಳು. ಅಪ್ಪ ಹೊಗೆಸೊಪ್ಪಿನ ಬೇಲು, ಅಂದರೆ ದೊಡ್ಡ ಮೂಟೆ, ಹೊರುತ್ತಿದ್ದರು. ಅವ್ವ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನಮ್ಮ ಮನೆತನದಲ್ಲಿ, ಹೆಣ್ಣು ಗಂಡು ಎರಡನ್ನೂ ಸೇರಿಸಿ, ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಜಂಬದಿಂದಲೇ ಬರೆಯುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ಪಿಯುಸಿಯಲ್ಲಿ ಡಾಕ್ಟರಾಗುವ ಆಸೆ ಇತ್ತು. ಸೀಟು ಸಿಗಲಿಲ್ಲ. ಬಿ.ಎಸ್ಸಿ. ಮಾಡಿದೆ, ಕೆಲಸ ಸಿಗಲಿಲ್ಲ. ಮತ್ತೆ ಮೈಸೂರಿನಲ್ಲಿ ಹಾಸ್ಟೆಲ್ ಸೇರಿ ಫಾರ್ಮಸಿ ಡಿಪ್ಲೊಮಾ ಮುಗಿಸಿದೆ. ರಾಜ್ಯದ ಫಾರ್ಮಸಿಸ್ಟರ ನೋಂದಣಿ ಪುಸ್ತಕದಲ್ಲಿ ನನ್ನ ಹೆಸರು ಸೇರಿ ಪ್ರಮಾಣಪತ್ರ ಅಂಚೆಯಲ್ಲಿ ಬಂದ ದಿನ, ಅಪ್ಪ ಕೈ ತೊಳೆದು ಒರೆಸಿಕೊಂಡು ಬಂದು ಅದನ್ನು ಮುಟ್ಟಿದರು.

ತೊಂಬತ್ತರ ದಶಕದ ಮೊದಲಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನನ್ನನ್ನು ಹಾಕಿದರು. ಬೆಟ್ಟದಪುರದಿಂದ ಇನ್ನೂ ಒಳಗೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಡಾಕ್ಟರು ನಂಜುಂಡಯ್ಯನವರು, ನಿವೃತ್ತಿಗೆ ಐದಾರು ವರ್ಷ ಉಳಿದಿದ್ದವರು. ಮೊದಲ ದಿನ ನನ್ನ ಕಾಗದಗಳನ್ನೆಲ್ಲ ನೋಡಿ, ಕನ್ನಡಕ ತೆಗೆದು ಕೇಳಿದರು:

“ಡಾಕ್ಟ್ರು ಅಂದ್ರೆ ಯಾರಮ್ಮ?”

“ತಾವು ಸಾರ್.”

“ನಮ್ಮ ಸಿದ್ದಯ್ಯನ್ನೂ ಊರೋರು ಡಾಕ್ಟ್ರೇ ಅಂತಾರೆ. ಕಸ ಗುಡಿಸ್ತಾನೆ, ಗಾಯಕ್ಕೆ ಪಟ್ಟಿ ಕಟ್ತಾನೆ. ಕಾಯಿದೆಗೆ ಊರೋರ ಮಾತು ಬೇಕಾಗಿಲ್ಲ. ಇದು ಇಂಥ ಕಾಯಿಲೆ ಅಂತ ಹೇಳೋಕೆ, ಇದಕ್ಕೆ ಇಂಥ ಔಷಧಿ ಅಂತ ಬರೆಯೋಕೆ ಯಾರ ಹೆಸರು ರಿಜಿಸ್ಟರಲ್ಲಿದೆಯೋ ಅವನು ಡಾಕ್ಟ್ರು. ನಾನು ಬರೆದದ್ದು ಸರಿ ಇದೆಯಾ ನೋಡೋದು, ಬೆರೆಸಿ ಕೊಡೋದು, ಹೆಂಗೆ ತಗೋಬೇಕು ಅಂತ ಹೇಳೋದು ನಿನ್ನ ಕೆಲಸ. ನಾನು ತಪ್ಪು ಬರೆದ್ರೆ ಚೀಟಿ ವಾಪಸ್ ಕಳ್ಸು, ಸಂಕೋಚ ಬೇಡ. ಆದ್ರೆ ನೀನೇ ಬರೆಯೋಕೆ ಹೋದೆ ಅಂದ್ರೆ ನಿನ್ನ ಹೆಸರನ್ನ ನಿನ್ನ ರಿಜಿಸ್ಟರಿಂದ ಹೊಡೆದುಹಾಕ್ತಾರೆ. ಆಮೇಲೆ ಮೆಡಿಕಲ್ ಸ್ಟೋರಲ್ಲಿ ನಿಂತು ಮಾತ್ರೆ ಕೊಡೋದಕ್ಕೂ ನಿನಗೆ ಹಕ್ಕಿಲ್ಲ.”

ಅಪ್ಪ ಕೈ ತೊಳೆದು ಮುಟ್ಟಿದ್ದ ಕಾಗದ ಅದು. ಹೆಸರು ಹೊಡೆದುಹಾಕುವುದು ಎಂದರೆ ಏನು ಎಂದು ನನಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

ಡಾಕ್ಟರ ಕೋಣೆಗೂ ನನ್ನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅದರಲ್ಲಿ ಚೀಟಿ ಬರುತ್ತಿತ್ತು. ಆಗಿನ್ನೂ ಎಲ್ಲವೂ ಪ್ಯಾಕೆಟ್ಟಿನಲ್ಲಿ ಬರುತ್ತಿರಲಿಲ್ಲ. ಕೆಮ್ಮಿಗೆ, ಹೊಟ್ಟೆನೋವಿಗೆ ದೊಡ್ಡ ಜಾಡಿಗಳಲ್ಲಿ ಮಿಕ್ಸ್ಚರ್ ಕಲಸಿಡುತ್ತಿದ್ದೆ. ಜನ ಮನೆಯಿಂದ ಬಾಟಲಿ ತರುತ್ತಿದ್ದರು, ಬಹಳಷ್ಟು ಬ್ರಾಂದಿಯ ಬಾಟಲಿಗಳು. ಬಿಳಿ ಕಾಗದದ ಪಟ್ಟಿಯನ್ನು ಮಡಿಸಿ, ಕತ್ತರಿಯಿಂದ ಕಚ್ಚು ಹಾಕಿ, ಬಾಟಲಿಯ ಮೈಗೆ ಅಂಟಿಸಿ ಕೊಡುತ್ತಿದ್ದೆ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಸಲದ ಔಷಧ. ಓದಲು ಬಾರದವರಿಗೂ ತಪ್ಪುತ್ತಿರಲಿಲ್ಲ. ನೀವು ಈಗ ಬರಿಯ ಸ್ಟ್ರಿಪ್ ಕತ್ತರಿಸಿ ಕೊಡುತ್ತೀರಿ. ಕೈ ಸ್ವಚ್ಛವಾಗಿರುತ್ತದೆ, ಒಳ್ಳೆಯದೇ. ನನಗೆ ಮಾತ್ರ ಆ ಪಟ್ಟಿ ಕತ್ತರಿಸುವ ಬೆಳಗುಗಳ ನೆನಪಾಗುತ್ತಲೇ ಇರುತ್ತದೆ.

ಒಂದು ಸಲ ಸೊಂಟನೋವಿನ ಒಬ್ಬ ರೈತನಿಗೆ ಮಾತ್ರೆ ಕೊಟ್ಟು, ಬರಿಹೊಟ್ಟೆಯಲ್ಲಿ ಬೇಡ, ಏನಾದರೂ ತಿಂದ ಮೇಲೆ ಒಂದೊಂದು ತಗೋ ಎಂದೆ. ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ ಮನೆಗೆ ಸೌದೆ ಹಾಕಲು ಹಗಲು ಇರುಳು ಒಲೆ ಮುಂದೆ ಕೂರುವವನು ಒಂದು ಹೊತ್ತಿನಲ್ಲಿ ಉಣ್ಣುವುದಿಲ್ಲ, ಎದ್ದಾಗಲೆಲ್ಲ ಎರಡು ತುತ್ತು ತಿನ್ನುತ್ತಾನೆ. ಅವನು ಎರಡು ತುತ್ತಿಗೆ ಒಂದರಂತೆ ನುಂಗಿದ್ದ. ಮೂರನೇ ದಿನ ಹೊಟ್ಟೆ ಹಿಡಿದುಕೊಂಡು ಬಂದು, “ನೀವೇಳಿದಂಗೇ ಮಾಡಿವ್ನಿ ಕಣಮ್ಮ,” ಎಂದ. ನಂಜುಂಡಯ್ಯನವರು ಬೈಯಲಿಲ್ಲ. “ಮಾತ್ರೆ ಗೊತ್ತು ನಿನಗೆ. ಅವನು ಯಾವಾಗ ಉಣ್ತಾನೆ ಅನ್ನೋದು ಗೊತ್ತಿಲ್ಲ. ಕೇಳು,” ಎಂದರು. ಅಂದಿನಿಂದ ಕೇಳುವುದನ್ನು ಕಲಿತೆ. ಏನು ಉಂಡೆ, ಎಲ್ಲಿ ಕೆಲಸ, ಮನೆಯಲ್ಲಿ ಯಾರಿದ್ದಾರೆ. ಕೇಳುತ್ತ ಕೇಳುತ್ತ ಕಾಯಿಲೆಗಳೂ ಗೊತ್ತಾಗತೊಡಗಿದವು. ಅಲ್ಲಿಂದಲೇ ನಾನು ದಾರಿ ಬಿಟ್ಟಿದ್ದು ಎಂದು ಈಗ ಅನ್ನಿಸುತ್ತದೆ.

ಇನ್ನೊಂದು ಸಲ ಮಗುವೊಂದಕ್ಕೆ ಅವರು ದೊಡ್ಡವರ ಪ್ರಮಾಣ ಬರೆದುಬಿಟ್ಟಿದ್ದರು. ಚೀಟಿಯನ್ನು ಕಿಂಡಿಯಲ್ಲಿ ವಾಪಸ್ ತಳ್ಳಿದೆ. ಅವರು ನೋಡಿದರು, ಎದ್ದರು, ಸುತ್ತಿಕೊಂಡು ನನ್ನ ಕೋಣೆಯ ಬಾಗಿಲಿಗೇ ಬಂದು, “ಉಳಿಸಿದೆ ಕಣಮ್ಮ,” ಎಂದರು. ಅಷ್ಟೇ. ಅಂಥ ಮೇಲಧಿಕಾರಿ ಮತ್ತೆ ಸಿಗಲಿಲ್ಲ.

ಅವರು ನಿವೃತ್ತರಾದ ಮೇಲೆ ಹುದ್ದೆ ಖಾಲಿಯಾಯಿತು. ಖಾಲಿಯಾಗಿಯೇ ಉಳಿಯಿತು. ಬೇರೆ ಕಡೆಯ ಡಾಕ್ಟರೊಬ್ಬರಿಗೆ ನಮ್ಮ ಕೇಂದ್ರದ ಇನ್‌ಚಾರ್ಜ್ ಕೊಟ್ಟರು. ಅವರು ಮಂಗಳವಾರ, ಶುಕ್ರವಾರ ಬರುತ್ತಿದ್ದರು. ಕೆಟ್ಟವರೇನಲ್ಲ, ಎರಡು ಆಸ್ಪತ್ರೆ ನೋಡುವ ಒಬ್ಬ ಮನುಷ್ಯ. ಉಳಿದ ದಿನ ಬಾಗಿಲಲ್ಲಿ ಜನ ನಿಂತಿರುತ್ತಿದ್ದರು. ಸಿದ್ದಯ್ಯ ಪೊರಕೆ ಹಿಡಿದುಕೊಂಡು ಬಂದು ಕೇಳುತ್ತಿದ್ದ:

“ಮೇಡಮ್ಮೋರೆ, ಡಾಕ್ಟ್ರು ಬಂದಿಲ್ಲ ಅಂತ ನಾನೇಳ್ಳಾ, ನೀವೇಳೀರಾ? ನಾನೇಳಿದ್ರೆ ಒಡೀತಾರೆ. ನೀವಾದ್ರೆ ಎಣ್ಮಗಳು, ಬರೀ ಬೈತಾರೆ.”

ಒಂದು ಶುಕ್ರವಾರ ಇನ್‌ಚಾರ್ಜ್ ಡಾಕ್ಟರು ಹೊರಡುವ ಮುಂಚೆ ಚೀಟಿಗಳ ಒಂದು ಕಟ್ಟು ತೆಗೆದುಕೊಂಡು, ಒಂದೊಂದರ ಕೆಳಗೂ ಸಹಿ ಹಾಕುತ್ತಾ ಹೋದರು. ಮೇಲಿನ ಜಾಗವೆಲ್ಲ ಖಾಲಿ. “ಜ್ವರ, ನೆಗಡಿ, ಕಜ್ಜಿ, ಇಂಥವಕ್ಕೆ ಬರೆದು ಕೊಟ್ಕಳ್ಸಿ. ದೊಡ್ಡದು ಅನ್ಸಿದ್ರೆ ಹುಣಸೂರಿಗೆ ಕಳ್ಸಿ. ನೀವು ಬಿ.ಎಸ್ಸಿ. ಓದಿದೋರು, ನಿಮಗೆ ಗೊತ್ತಾಗಲ್ವಾ?”

ಬಿ.ಎಸ್ಸಿ. ಎಂದದ್ದು ನನ್ನನ್ನು ಮುಟ್ಟಿತು. ಕಟ್ಟನ್ನು ತೆಗೆದುಕೊಂಡು ನನ್ನ ಡ್ರಾಯರಿನಲ್ಲಿಟ್ಟೆ.

ಮೊದಮೊದಲು ನನ್ನ ಕೋಣೆಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೆ. ಮಳೆಗಾಲದಲ್ಲಿ ಜನ ಜಾಸ್ತಿಯಾದಾಗ ಡಾಕ್ಟರ ಮೇಜಿನ ಪಕ್ಕಕ್ಕೆ ಸ್ಟೂಲ್ ಹಾಕಿಕೊಂಡೆ. ಒಂದು ದಿನ ಸಿದ್ದಯ್ಯ ಸ್ಟೂಲನ್ನು ಬೇರೆ ಕೆಲಸಕ್ಕೆ ಒಯ್ದಿದ್ದ. ಕುರ್ಚಿಯಲ್ಲಿ ಕುಳಿತೆ. ಆಮೇಲೆ ಸ್ಟೂಲನ್ನು ನಾನು ಕೇಳಲಿಲ್ಲ, ಅವನೂ ತರಲಿಲ್ಲ.

ಸುಳ್ಳು ಹೇಳಬಾರದು. ನನ್ನ ಬದುಕಿನ ಅತ್ಯಂತ ಒಳ್ಳೆಯ ವರ್ಷಗಳು ಅವು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ನನ್ನ ಹೆಸರು ಕೇಳಿಕೊಂಡು ಬರುತ್ತಿದ್ದರು, ಬೇರೆ ಆಸ್ಪತ್ರೆ ದಾಟಿಕೊಂಡು ಬರುತ್ತಿದ್ದರು. ಯಾರ ಕೆಮ್ಮು ಬೀಡಿಯದು, ಯಾರದು ಕಫ ಪರೀಕ್ಷೆಗೆ ಕಳಿಸಬೇಕಾದ್ದು ಎಂದು ಬೇಗ ಹಿಡಿಯುತ್ತಿದ್ದೆ. ಕಳಿಸಬೇಕಾದವರನ್ನು ಕಳಿಸುತ್ತಲೂ ಇದ್ದೆ. ಹೊಗೆಸೊಪ್ಪಿನ ಹಸಿ ಎಲೆ ಮುರಿದವರಿಗೆ, ಅದರಲ್ಲೂ ಮಳೆಯಲ್ಲಿ ನೆಂದ ಎಲೆ ಮುರಿದವರಿಗೆ, ತಲೆಸುತ್ತು, ವಾಂತಿ, ಮೈಯೆಲ್ಲ ಬೆವರು ಬರುತ್ತದೆ. ಎಲೆಯ ವಿಷ ಚರ್ಮದ ಮೂಲಕ ಮೈಗಿಳಿಯುವುದರಿಂದ. ಪಟ್ಟಣದಿಂದ ಬಂದ ಡಾಕ್ಟರುಗಳಿಗೆ ಅದು ತಿಳಿಯುತ್ತಿರಲಿಲ್ಲ, ನನಗೆ ಬಾಗಿಲಲ್ಲಿ ನೋಡಿದರೇ ತಿಳಿಯುತ್ತಿತ್ತು. ಅದರ ಬಗ್ಗೆ ನನಗೆ ಬಹಳ ಹೆಮ್ಮೆ.

ಅವ್ವ ಒಂದು ಸಲ ಬಂದು, ಬೆಂಚಿನ ಮೇಲೆ ರೋಗಿಗಳ ಜೊತೆ ಒಂದು ಗಂಟೆ ಕುಳಿತು ನೋಡಿದಳು. ಊಟಕ್ಕೆ ಎದ್ದಾಗ ಕೇಳಿದಳು:

“ನೀನು ಡಾಕ್ಟ್ರಲ್ಲ ಅಂತಿದ್ದಲ್ಲೇ?”

“ಅಲ್ಲ ಕಣವ್ವ.”

“ಮತ್ಯಾಕೆ ಎಲ್ಲಾ ಅಂಗಂತಾರೆ?”

“ಅಭ್ಯಾಸ.”

“ಒಳ್ಳೆ ಅಭ್ಯಾಸವೇ ಬುಡು,” ಎಂದು ಮುದ್ದೆ ಮುರಿದಳು.

ಚಿಕ್ಕತಾಯಮ್ಮ ನನಗೆ ಹತ್ತಿರವಾದದ್ದೂ ಆಗಲೇ. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಗ ಮಹದೇವನ ಜೊತೆ ಎರಡು ಎಕರೆಯಲ್ಲಿ ಸೊಪ್ಪು ಬೆಳೆಯುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಮಂಗಳವಾರ, ಶುಕ್ರವಾರ ಅವಳು ಬರುತ್ತಲೇ ಇರಲಿಲ್ಲ. “ಆವತ್ತು ಆ ಇನ್ನೊಬ್ಬ ಡಾಕ್ಟ್ರು ಇರ್ತಾನೆ. ಮುಖ ನೋಡಲ್ಲ, ಬರೀ ಬರೀತಾನೆ,” ಎನ್ನುತ್ತಿದ್ದಳು. ಬರುವಾಗ ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು ಬರುತ್ತಿದ್ದಳು. “ಡಾಕ್ಟ್ರವ್ವ, ನೀನು ಊರಿಗೆಲ್ಲ ಔಸ್ದಿ ಕೊಡ್ತೀಯ, ನೀನ್ಯಾಕೆ ಇಂಗೆ ಒಣಗಿದ್ದೀಯ?”

ಅದೇ ಕಾಲದಲ್ಲಿ, ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡುವವರ ಪಟ್ಟಿ ತಯಾರಿಸಬೇಕೆಂದು ಮೇಲಿನಿಂದ ಆದೇಶ ಬಂತು. ಕೆ.ಆರ್. ನಗರದ ಕಡೆ ಹೊರಟ ತಂಡಕ್ಕೆ ನನ್ನನ್ನೂ ಹಾಕಿದರು, ಔಷಧಗಳನ್ನು ಗುರುತಿಸಿ ಬರೆದುಕೊಳ್ಳಲು. ಒಂದು ಹಳ್ಳಿಯ ಬಸ್ ನಿಲ್ಲುವ ಜಾಗದಲ್ಲಿ ಸೋಮಣ್ಣ ಎಂಬುವನದು ಒಂದು ಕೋಣೆ. ಎಲ್ಲ ಕಾಯಿಲೆಗೂ ಸೂಜಿ. ಗೋಡೆಯ ಮೇಲೆ ಪ್ರಥಮ ಚಿಕಿತ್ಸೆಯ ಶಿಬಿರದಲ್ಲಿ ಕೊಟ್ಟ ಕಾಗದಕ್ಕೆ ಗಾಜು ಹಾಕಿಸಿ ನೇತುಹಾಕಿದ್ದ. ನಾನು ಬಹಳ ಗತ್ತಿನಿಂದ, “ಇದು ಮೂರು ದಿನದ ತರಬೇತಿ. ವೈದ್ಯ ಮಾಡೋಕೆ ಇದರಲ್ಲಿ ಎಲ್ಲಿದೆ ಅಧಿಕಾರ?” ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

“ನೀವು ಬೆಟ್ಟದಪುರದತ್ರ ಇರೋರಲ್ವಾ? ನಮ್ಮ ಅತ್ತೆ ಊರು ಅದೇ ಕಡೆ ಕಣ್ರೀ. ನಿಮ್ಮ ಕೈಗುಣ ಬಾಳ ಚೆನ್ನಾಗೈತಂತೆ. ನೀವು ಬರೆದ್ರೆ ಕೈಗುಣ, ನಾನು ಬರೆದ್ರೆ ಕೇಸಾ?”

ಜೊತೆಗಿದ್ದವರು ನಕ್ಕರು. ನಾನೂ ನಕ್ಕೆ. ವಾಪಸ್ ಬರುವಾಗ ಜೀಪಿನಲ್ಲಿ ನನ್ನ ಡ್ರಾಯರಿನ ಚೀಟಿಗಳ ಕಟ್ಟು ನೆನಪಾಯಿತು. ಆದರೆ ಮರುದಿನ ಬೆಳಿಗ್ಗೆ ಹೋಗಿ ಅದೇ ಕುರ್ಚಿಯಲ್ಲಿ ಕುಳಿತೆ. ಬೆಂಚು ತುಂಬಿತ್ತು.

ಎರಡು ಸಾವಿರ ಇಸವಿ ಕಳೆದು ಸ್ವಲ್ಪ ಕಾಲವಾಗಿರಬೇಕು. ಸೊಪ್ಪು ಮುರಿಯುವ ಸುಗ್ಗಿ, ಬಿಡದ ಮಳೆ, ಬುಧವಾರ. ಮಧ್ಯಾಹ್ನ ಮಹದೇವ ತಾಯಿಯನ್ನು ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿಕೊಂಡು ಬಂದ. ಚಿಕ್ಕತಾಯಮ್ಮನ ಸೀರೆ ಒದ್ದೆ, ಕೈ ಎಲೆಯ ಅಂಟಿನಿಂದ ಕಪ್ಪು. ಮುಖ ಬಿಳಿಚಿತ್ತು, ಬೆವರುತ್ತಿದ್ದಳು, ಎರಡು ಸಲ ವಾಂತಿಯಾಗಿತ್ತು.

“ಏನಕ್ಕ, ನೆಂದ ಸೊಪ್ಪಿಗೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಹೇಳಿದೀನಿ?”

“ಸೊಪ್ಪು ಕೇಳ್ತದಾ ಮಗ? ಇವತ್ತು ಯಾಕೋ ಬೆನ್ನೂ ಇಡ್ಕಂಡದೆ. ದವಡೆ ಸೆಳೀತದೆ.”

“ಬಗ್ಗಿ ಬಗ್ಗಿ ಮುರಿದ್ರೆ ಬೆನ್ನು ಹಿಡಿಯದೆ ಇನ್ನೇನು?”

ದವಡೆಯ ಮಾತು ಕಿವಿಗೆ ಬಿತ್ತು. ಕೇಳಿಯೂ ಕೇಳಲಿಲ್ಲ. ಸಹಿ ಇದ್ದ ಚೀಟಿ ತೆಗೆದು ವಾಂತಿ ನಿಲ್ಲುವ ಮಾತ್ರೆ, ಹೊಟ್ಟೆ ಉರಿಗೆ ಒಂದು, ಬೆನ್ನಿಗೆ ಹಚ್ಚಲು ಮುಲಾಮು ಬರೆದೆ. ಉಪ್ಪು ಸಕ್ಕರೆಯ ನೀರಿನ ಪುಡಿ ಕೊಟ್ಟೆ. ಸೋಪು ಹಾಕಿ ಕೈ ತೊಳೆಸಿ, ಮಲಗಿಸು ಎಂದು ಮಹದೇವನಿಗೆ ಹೇಳಿ ಕಳಿಸಿದೆ.

ಅದು ಹೃದಯಾಘಾತ, ದವಡೆಯ ಸೆಳೆತ ಅದರ ಗುರುತು. ಮರುದಿನ ಬೆಳಿಗ್ಗೆ ಉಸಿರಾಡಲು ಆಗದೆ ಸೊಪ್ಪಿನ ಟೆಂಪೋದಲ್ಲಿ ಹಾಕಿಕೊಂಡು ಮೈಸೂರಿಗೆ ಹೋದರು. ಜೀವ ಉಳಿಯಿತು. ಗುಂಡಿಗೆಯ ಒಂದು ಭಾಗ ಸತ್ತುಹೋಗಿತ್ತು. ಹಿಂದಿನ ದಿನವೇ ಬಂದಿದ್ದರೆ ಅಷ್ಟಾಗುತ್ತಿರಲಿಲ್ಲ ಎಂದು ಅಲ್ಲಿನ ಯುವ ಡಾಕ್ಟರು ಹೇಳಿದರಂತೆ. ಮಹದೇವ ನನ್ನ ಚೀಟಿಯನ್ನು ಬಹಳ ನಂಬಿಕೆಯಿಂದ ಅವರಿಗೆ ತೋರಿಸಿದ್ದ. ಅವರು ಅದನ್ನು ಓದಿ, ಅದರ ಪ್ರತಿ ಇಟ್ಟುಕೊಂಡು ಮೇಲಿನವರಿಗೆ ಪತ್ರ ಬರೆದರು. ಬರೆದದ್ದು ಸರಿ.

ವಿಚಾರಣೆಗೆ ದಿನ ನಿಗದಿಯಾಯಿತು. ಹಿಂದಿನ ಸಂಜೆ ಇನ್‌ಚಾರ್ಜ್ ಡಾಕ್ಟರು ಬಂದರು. ಕುಳಿತುಕೊಳ್ಳಲಿಲ್ಲ.

“ನಾನು ಫೋನಲ್ಲಿ ಹೇಳಿದೆ, ನೀವು ಬರ್ಕೊಂಡ್ರಿ. ಹಂಗಂತ ಬರ್ಕೊಡಿ. ಇಬ್ರೂ ಉಳ್ಕೋತೀವಿ. ನಿಮ್ಮ ರಿಜಿಸ್ಟ್ರೇಷನ್ ಹೋದ್ರೆ ಏನು ಮಾಡ್ತೀರ್ರೀ?”

ಆ ವಾರವೆಲ್ಲ ಮಳೆಗೆ ಆಸ್ಪತ್ರೆಯ ಫೋನು ಸತ್ತಿತ್ತು. ಅದನ್ನು ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಅವರು ಹೇಳಿದ ದಾರಿಯಲ್ಲಿ ಹೋಗಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಬಹುಶಃ ಕುರ್ಚಿಯೂ. ಅವರು ಹೋದ ಮೇಲೆ ಪ್ರಮಾಣಪತ್ರ ತೆಗೆದು ನೋಡಿದೆ. ನಾನು ಸಂಪಾದಿಸಿದ್ದು ಅದೊಂದೇ.

ವಿಚಾರಣೆಗೆ ಬಂದ ಅಧಿಕಾರಿ ಮೆತ್ತಗಿನ ಮನುಷ್ಯ. ಊರಿನ ಜನ ಕರೆಯದೇ ಬಂದು ವರಾಂಡದಲ್ಲಿ ತುಂಬಿದ್ದರು, ನನ್ನನ್ನು ಉಳಿಸಲು. ಮಹದೇವ ಎಲ್ಲರಿಗಿಂತ ಮುಂದೆ ನಿಂತು ಹೇಳಿದ:

“ನಾವು ದೂರು ಕೊಟ್ಟಿಲ್ಲ ಸಾರ್. ನಮ್ಮ ಡಾಕ್ಟ್ರವ್ವಂದು ಏನೂ ತಪ್ಪಿಲ್ಲ. ನಾಲ್ಕೊರ್ಸದಿಂದ ಅವ್ರೇ ನೋಡೋದು, ಅವ್ರೇ ಬರೆಯೋದು. ಆ ಡಾಕ್ಟ್ರು ಬರ್ಲಿ ಬುಡ್ಲಿ, ನಮಗೇನು?”

“ನನ್ನ ಸೊಸೆಗೂ ಇವ್ರೇ ಬರ್ಕೊಟ್ಟಿದ್ದು,” ಎಂದು ಒಬ್ಬ ಮುದುಕ ಸೇರಿಸಿದ.

“ಬರೆಯೋದೇನ್ ಬಂತು, ಈ ಮಾತಾಯಿ ಮುಖ ನೋಡೇ ಇಂಥ ಕಾಯ್ಲೆ ಅಂತ ಏಳ್ಬುಡ್ತಾಳೆ ಸಾರ್,” ಎಂದಳು ಇನ್ನೊಬ್ಬಳು.

ಅಧಿಕಾರಿ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದರು. ಸಿದ್ದಯ್ಯ ಹಿಂದಿನಿಂದ ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಿದ್ದ. ಅವನೊಬ್ಬನಿಗೆ ಮಾತ್ರ ತಿಳಿದಿತ್ತು, ಅವರು ಹೊಗಳಿದಷ್ಟೂ ನನ್ನ ಮೇಲಿನ ಆರೋಪ ಬೆಳೆಯುತ್ತಿದೆ ಎಂದು.

ಎಲ್ಲರನ್ನೂ ಹೊರಗೆ ಕಳಿಸಿ ಅವರು ಚೀಟಿಯನ್ನು ನನ್ನ ಮುಂದಿಟ್ಟರು.

“ಈ ಅಕ್ಷರ ಯಾರದಮ್ಮ?”

“ನನ್ನದು ಸಾರ್.”

“ಡಾಕ್ಟ್ರು ಫೋನಲ್ಲಿ ಹೇಳಿದ್ರು ಅಂತಾರೆ.”

“ಫೋನು ಕೆಟ್ಟಿತ್ತು ಸಾರ್. ಇದ್ದಿದ್ರೂ ನಾನು ಮಾಡ್ತಿರಲಿಲ್ಲ. ಇದು ಸೊಪ್ಪಿನ ವಾಂತಿ ಅಂತ ನನಗೆ ಖಾತ್ರಿ ಇತ್ತು. ದವಡೆ ನೋವು ಅಂತ ಆಕೆ ಹೇಳಿದ್ರು. ಅದನ್ನ ನಾನು ಚೀಟಿಯಲ್ಲಿ ಬರೆದೂ ಇಲ್ಲ.”

ಅವರು ಅದನ್ನೂ ಬರೆದುಕೊಂಡರು.

ತಿಂಗಳುಗಟ್ಟಲೆ ಕಾದೆ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದೆ. ಕೊನೆಗೆ ಹೆಸರು ರಿಜಿಸ್ಟರಿನಲ್ಲಿ ಉಳಿಯಿತು, ಎಚ್ಚರಿಕೆಯ ಪತ್ರದ ಜೊತೆ. ಇನ್‌ಚಾರ್ಜ್ ಡಾಕ್ಟರಿಗೂ ಪತ್ರ ಹೋಯಿತು. ಅವರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ನನ್ನನ್ನು ಎಚ್.ಡಿ. ಕೋಟೆ ತಾಲ್ಲೂಕಿಗೆ, ಬೀಚನಹಳ್ಳಿಯ ಕಡೆಗೆ ಹಾಕಿದರು. ಅಲ್ಲಿಯೂ ಎಷ್ಟೋ ದಿನ ಡಾಕ್ಟರಿರಲಿಲ್ಲ. ಬಂದವರ ಹೆಸರು ಬರೆದು, ವಾಹನ ಹುಡುಕಿ, ಡಾಕ್ಟರಿರುವ ಕಡೆ ಕಳಿಸಿದೆ. ಕಲ್ಲುಮನಸ್ಸಿನವಳು ಎಂದು ಬೈಸಿಕೊಂಡೆ. ಯಾವ ಡಾಕ್ಟರ ಮೇಜಿನ ಹಿಂದೆಯೂ ಮತ್ತೆ ಕೂರಲಿಲ್ಲ. ಮಕ್ಕಳೇ, ನಿಮಗೂ ಯಾರೋ ಒಬ್ಬರು ಸಹಿ ಹಾಕಿದ ಖಾಲಿ ಕಾಗದ ಕೊಡುತ್ತಾರೆ. ಈಗ ಅದು ಕಂಪ್ಯೂಟರಿನ ಪಾಸ್‌ವರ್ಡ್ ಆಗಿರಬಹುದು. ನಿಮ್ಮನ್ನು ಹೊಗಳಿಯೇ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ನಿಮಗೆ ತಿಳಿವಳಿಕೆ ಇಲ್ಲ ಎಂದು ಹೇಳುತ್ತಿಲ್ಲ. ನನಗೂ ಇತ್ತು.

ಬೀಚನಹಳ್ಳಿಗೆ ಹೊರಡುವ ಮುನ್ನ, ಆ ಊರು ಬಿಡುವ ಹಿಂದಿನ ದಿನ, ಚಿಕ್ಕತಾಯಮ್ಮನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದಳು. ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ, ಹೊಲದ ಕಡೆ ಹೋಗುವುದಿಲ್ಲ ಎಂದು ಮಹದೇವ ಹೇಳಿ ಒಳಗೆ ಹೋದ. ನಾನು ಪಕ್ಕದಲ್ಲಿ ಕುಳಿತೆ.

“ಅಕ್ಕ, ನಾನು ಡಾಕ್ಟ್ರಲ್ಲ. ಔಷಧಿ ಕೊಡೋಕಷ್ಟೇ ಓದಿರೋಳು. ಆವತ್ತು ನಿನ್ನನ್ನ ಮನೆಗೆ ಕಳಿಸಬಾರದಿತ್ತು, ಹುಣಸೂರಿಗೆ ಕಳಿಸಬೇಕಿತ್ತು. ನನ್ನಿಂದ ಹಿಂಗಾಯ್ತು.”

ಅವಳು ದಿಂಬು ಬಿಟ್ಟು ನನ್ನ ಕಡೆ ತಿರುಗಿದಳು.

“ನೀನು ಡಾಕ್ಟ್ರಲ್ವಾ?” ಎಂದಳು.

“ಅಲ್ಲ ಕಣಕ್ಕ.”

“ಮೊದ್ಲೇ ಏಳ್ಬಾರದಾಗಿತ್ತಾ ಮಗ?”

ಅಂಗಳದಲ್ಲಿ ಸೊಪ್ಪು ಕಟ್ಟುವ ಕೋಲುಗಳು ಒಣಗುತ್ತಿದ್ದವು. ಅವಳು ಸೆರಗಿನೊಳಗಿಂದ ಎಡಗೈ ತೆಗೆದು ನನ್ನ ಮಡಿಲ ಮೇಲಿಟ್ಟಳು, ಮಣಿಕಟ್ಟು ಮೇಲಾಗಿ, ನಾಡಿ ನೋಡು ಎಂಬಂತೆ.

ಕಾಯಿದೆಯಲ್ಲಿ ಅದಕ್ಕೆ ಏನಿದೆಯೋ ನಾನು ನೋಡಿಲ್ಲ. ಬೆರಳಿಟ್ಟು, ಗಡಿಯಾರ ತಿರುಗಿಸಿಕೊಂಡು ಒಂದು ನಿಮಿಷ ಪೂರ್ತಿ ಎಣಿಸಿದೆ. ಎಷ್ಟು ಬಂತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಎಲ್ಲಿಯೂ ಬರೆಯಲೂ ಇಲ್ಲ.